ಬೇಳೆ ಬೇಯುವ ನೀರು, ಹಲ್ಲು ಕೆಡಿಸುವ ನೀರು

ಪಾವಗಡ, ಬಾಗೇಪಲ್ಲಿ, ಮುಂಡರಗಿ ಸೀಮೆಯ ಕೆಲವು ಹಳ್ಳಿಶಾಲೆಗಳಲ್ಲಿ ಮಕ್ಕಳನ್ನು ಸಾಲಾಗಿ ಕೂಡಿಸಿ ನಗಿಸಿದರೆ ಒಂದಷ್ಟು ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿಯುವುದುಂಟು. ಕೈ ತೆಗೆಸಿ ನೋಡಿದರೆ ಮುಂದಿನ ಹಲ್ಲುಗಳ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಕೆಲವರಲ್ಲಿ ಅಡ್ಡಡ್ಡ ಎಳೆದ ಕಂದು ಗೆರೆ. ಬೇವಿನ ಕಡ್ಡಿ, ಇದ್ದಿಲ ಪುಡಿ, ದುಬಾರಿ ಪೇಸ್ಟು ಯಾವುದಕ್ಕೂ ಆ ಗೆರೆ ಜಗ್ಗುವುದಿಲ್ಲ. ಅದು ಹಲ್ಲಿನ ಮೇಲೆ ಅಂಟಿಕೊಂಡ ಕೊಳೆಯಾಗಿದ್ದರೆ ತಾನೇ ಹೋಗುವುದು? ಹಲ್ಲು ವಸಡಿನೊಳಗೆ ರೂಪುಗೊಳ್ಳುತ್ತಿದ್ದಾಗಲೇ ಎನಾಮಲ್‌ನಲ್ಲಿ ಸೇರಿಹೋದ ದೋಷ ಅದು. ಕಾರಣ, ಕುಡಿಯುವ ನೀರಿನಲ್ಲಿ ಮಿತಿಮೀರಿದ ಫ್ಲೋರೈಡ್.

ಇಷ್ಟು ಈಗ ಬಹುತೇಕ ಎಲ್ಲರಿಗೂ ಗೊತ್ತಿರುವ ವಿಷಯ. ನಮ್ಮ ದೇಶದಲ್ಲಿ ಈ ತೊಂದರೆಯನ್ನು ವೈದ್ಯರು ಗುರುತಿಸಿ ವರದಿ ಮಾಡಿದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಆದರೆ ಅಷ್ಟಾಗಿ ಯಾರೂ ಕೇಳದ ಪ್ರಶ್ನೆಯೊಂದಿದೆ. ಒಂದೇ ಊರಿನಲ್ಲಿ, ಒಂದೇ ಬಗೆಯ ಬಂಡೆಯಲ್ಲಿ ಕೊರೆದ ಎರಡು ಕೊಳವೆ ಬಾವಿಗಳಲ್ಲಿ ಒಂದರ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಒಂದೋ ಎರಡೋ ಮಿಲಿಗ್ರಾಂ ಇದ್ದು, ಇನ್ನೊಂದರಲ್ಲಿ ಐದಾರು ಮಿಲಿಗ್ರಾಂ ಇರುವುದು ಏಕೆ?

ಅದಕ್ಕಿಂತ ವಿಚಿತ್ರವಾದದ್ದು ಇನ್ನೊಂದು. ಊರಿನ ಹೆಂಗಸರನ್ನು ಕೇಳಿದರೆ ಯಾವ ಬಾವಿಯ ನೀರು ಒಳ್ಳೆಯದು ಎಂದು ತಟ್ಟನೆ ಹೇಳುತ್ತಾರೆ. ಬೇಳೆ ಬೇಗ ಬೇಯಬೇಕು, ಸೋಪು ನೊರೆ ಕೊಡಬೇಕು, ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿ ಹೊಪ್ಪಳಿಕೆ ಕಟ್ಟಬಾರದು. ಇದು ಮೆದು ನೀರಿನ ಲಕ್ಷಣ. ಬೇಳೆ ಬೇಯದ ಇನ್ನೊಂದು ಬಾವಿಯದು ಗಡಸು ನೀರು. ಅದನ್ನು ದನಕ್ಕೆ, ಬಟ್ಟೆಗೆ, ತೋಟಕ್ಕೆ ಬಿಡುತ್ತಾರೆ. ಇಂಥ ಸೀಮೆಗಳಲ್ಲಿ ಹಲವು ಬಾರಿ ಫ್ಲೋರೈಡ್ ಹೆಚ್ಚಿರುವುದು ಆ ‘ಒಳ್ಳೆಯ’ ನೀರಿನಲ್ಲೇ. ನಾಲಿಗೆ, ಒಲೆ, ಸೋಪು ಮೂರೂ ಸೇರಿ ಕೊಟ್ಟ ತೀರ್ಪು ಇಲ್ಲಿ ಮಗುವಿನ ಹಲ್ಲಿಗೆ ವಿರುದ್ಧವಾಗಿದೆ.

ಇದಕ್ಕೆ ಉತ್ತರ ಪಿಯುಸಿ ರಸಾಯನಶಾಸ್ತ್ರದ ಪುಸ್ತಕದಲ್ಲಿದೆ. ವಿದ್ಯಾರ್ಥಿಗಳು ‘ಐದು ಅಂಕದ ಲೆಕ್ಕ’ ಎಂದು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮರುದಿನ ಮರೆಯುವ ವಿಲೇಯತಾ ಗುಣಲಬ್ಧ ಮತ್ತು ಸಮಾನ ಅಯಾನು ಪರಿಣಾಮ ಎಂಬ ಅಧ್ಯಾಯವೇ ಅದು.

ಲವಣ ಎಂದರೆ ಅಡಿಗೆಯ ಉಪ್ಪು ಮಾತ್ರವಲ್ಲ ಎಂದು ಹೈಸ್ಕೂಲಿನಲ್ಲೇ ಓದಿದ್ದೇವೆ. ಅಡಿಗೆಯ ಉಪ್ಪು ಒಂದು ಲೀಟರ್ ನೀರಿನಲ್ಲಿ ಸುಮಾರು 360 ಗ್ರಾಂನಷ್ಟು ಕರಗುತ್ತದೆ. ಫ್ಲೋರೈಟ್ ಎಂಬ ಖನಿಜ, ಅಂದರೆ ಕ್ಯಾಲ್ಸಿಯಂ ಫ್ಲೋರೈಡ್ ಕೂಡ ಲವಣವೇ. ಆದರೆ ಅದು ಲೀಟರಿಗೆ ಕರಗುವುದು ಸುಮಾರು 16 ಮಿಲಿಗ್ರಾಂ ಮಾತ್ರ. ‘ಕರಗದ ಲವಣ’ ಎಂದು ಪಟ್ಟಿಯಲ್ಲಿ ಬರೆದುಬಿಡುವಷ್ಟು ಕಡಿಮೆ. ಆದರೆ ಪೂರ್ತಿ ಕರಗದ ಲವಣ ಎಂಬುದು ಯಾವುದೂ ಇಲ್ಲ. ನೀರಿನ ತಳದಲ್ಲಿ ಫ್ಲೋರೈಟಿನ ಹರಳು ಬಿದ್ದಿದ್ದರೆ ಅದರಿಂದ ಕ್ಯಾಲ್ಸಿಯಂ ಅಯಾನುಗಳೂ ಫ್ಲೋರೈಡ್ ಅಯಾನುಗಳೂ ಬಿಟ್ಟುಕೊಂಡು ನೀರಿಗೆ ಬರುತ್ತಲೇ ಇರುತ್ತವೆ, ನೀರಿನಲ್ಲಿದ್ದವು ಹೋಗಿ ಹರಳಿಗೆ ಅಂಟಿಕೊಳ್ಳುತ್ತಲೇ ಇರುತ್ತವೆ. ಬರುವವೂ ಹೋಗುವವೂ ಸಮವಾದಾಗ ದ್ರಾವಣ ಸಂತೃಪ್ತವಾಯಿತು ಎನ್ನುತ್ತೇವೆ.

ಆ ಸಂತೃಪ್ತ ಸ್ಥಿತಿಗೆ ಒಂದು ಕಟ್ಟುನಿಟ್ಟಾದ ನಿಯಮವಿದೆ. ಇದನ್ನು ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್ 1889ರಲ್ಲಿ ಸ್ಪಷ್ಟಪಡಿಸಿದ. ಕ್ಯಾಲ್ಸಿಯಂ ಫ್ಲೋರೈಡಿನ ಒಂದೊಂದು ಘಟಕದಲ್ಲೂ ಒಂದು ಕ್ಯಾಲ್ಸಿಯಂ, ಎರಡು ಫ್ಲೋರೈಡ್ ಇರುವುದರಿಂದ ಕ್ಯಾಲ್ಸಿಯಮಿನ ಸಾರತೆಯನ್ನು ಫ್ಲೋರೈಡಿನ ಸಾರತೆಯಿಂದ ಎರಡು ಸಲ ಗುಣಿಸಬೇಕು. ಸಾರತೆ ಎಂದರೆ ಒಂದು ಲೀಟರಿನಲ್ಲಿ ಎಷ್ಟು ಮೋಲ್ ಇದೆ ಎಂಬ ಲೆಕ್ಕ. ಸಂತೃಪ್ತ ದ್ರಾವಣದಲ್ಲಿ ಈ ಗುಣಲಬ್ಧ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 3.5 × 10⁻¹¹. ಕ್ಯಾಲ್ಸಿಯಂ ಎಲ್ಲಿಂದ ಬಂತು, ಫ್ಲೋರೈಡ್ ಎಲ್ಲಿಂದ ಬಂತು ಎಂದು ಈ ಸಂಖ್ಯೆ ಕೇಳುವುದಿಲ್ಲ. ಗುಣಲಬ್ಧ ಇದನ್ನು ಮೀರಿದರೆ ಹೆಚ್ಚಿನದು ಒತ್ತರವಾಗಿ, ಅಂದರೆ ಲ್ಯಾಬಿನಲ್ಲಿ ಎಲ್ಲರೂ ಹೇಳುವ ಪ್ರೆಸಿಪಿಟೇಟ್ ಆಗಿ ಕೆಳಗೆ ಕೂರಬೇಕು.

ಗಣಿತ ಕಂಡರೆ ಹೆದರುವವರು ಚೌಕ ತಳದ ಒಂದು ತಗಡಿನ ಡಬ್ಬವನ್ನು ಕಲ್ಪಿಸಿಕೊಳ್ಳಬಹುದು. ಡಬ್ಬದ ಎತ್ತರ ಕ್ಯಾಲ್ಸಿಯಂ; ತಳದ ಒಂದು ಬದಿಯ ಉದ್ದ ಫ್ಲೋರೈಡ್. ಡಬ್ಬ ಹಿಡಿಯುವ ಅಳತೆ ಮಾತ್ರ ಯಾವಾಗಲೂ ಒಂದು ಸೇರು. ಎತ್ತರ ಹೆಚ್ಚಿಸಿದರೆ ತಳ ಕಿರಿದಾಗಬೇಕು. ಎತ್ತರ ಕಡಿಮೆ ಮಾಡಿದರೆ ತಳ ಅಗಲವಾಗಬಹುದು. ಎತ್ತರವನ್ನು ಕಾಲು ಭಾಗಕ್ಕೆ ಇಳಿಸಿದಾಗ ತಳದ ಬದಿ ಎರಡರಷ್ಟು ಉದ್ದವಾದರೆ ಮತ್ತೆ ಅದೇ ಒಂದು ಸೇರು. ಕೊಳವೆ ಬಾವಿಯ ಕಥೆಯೆಲ್ಲ ಈ ಡಬ್ಬದೊಳಗಿದೆ.

ಮೊದಲು ಶುದ್ಧ ನೀರಿನ ಲೆಕ್ಕ. ಲೀಟರಿಗೆ ‘ಸ’ ಮೋಲ್ ಲವಣ ಕರಗಿದೆ ಎಂದುಕೊಂಡರೆ ಕ್ಯಾಲ್ಸಿಯಂ ಸ, ಫ್ಲೋರೈಡ್ 2ಸ. ಆದ್ದರಿಂದ ಸ × (2ಸ)² = 4ಸ³ = 3.5 × 10⁻¹¹. ನಾಲ್ಕರಿಂದ ಭಾಗಿಸಿ ಘನಮೂಲ ತೆಗೆದರೆ ಸ = 2.06 × 10⁻⁴ ಮೋಲ್. ಕ್ಯಾಲ್ಸಿಯಂ ಫ್ಲೋರೈಡಿನ ಅಣುತೂಕ 78. ಗುಣಿಸಿದರೆ ಲೀಟರಿಗೆ 16 ಮಿಲಿಗ್ರಾಂ. ಅದರಲ್ಲಿ ಫ್ಲೋರೈಡಿನ ಪಾಲು 7.8 ಮಿಲಿಗ್ರಾಂ.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಕೆಲವು ಪಠ್ಯಗಳ ಪಟ್ಟಿಯಲ್ಲಿ ಇದೇ ಲವಣದ ಗುಣಲಬ್ಧ 5.3 × 10⁻⁹ ಎಂದಿರುವುದನ್ನು ಕಾಣಬಹುದು. ಅದನ್ನು ಹಿಡಿದು ಲೆಕ್ಕ ಹಾಕಿದರೆ ಲೀಟರಿಗೆ 86 ಮಿಲಿಗ್ರಾಂ ಕರಗಬೇಕು. ನಿಜವಾಗಿ ಕರಗಿಸಿ ಅಳೆದವರಿಗೆ ಸಿಕ್ಕಿರುವುದು 16ರ ಆಸುಪಾಸು. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಕೊಟ್ಟ ಸಂಖ್ಯೆಯನ್ನೇ ಬಳಸಬೇಕು, ಅದರಲ್ಲಿ ವಾದ ಬೇಡ. ಆದರೆ ಬಂದ ಉತ್ತರವನ್ನು ವಾಸ್ತವದ ಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ಮಾತ್ರ ಬಿಡಬಾರದು. ಕ್ಯಾಲ್ಕುಲೇಟರ್ ಬಂದ ಮೇಲೆ ಈ ಅಭ್ಯಾಸ ಕಳೆದುಹೋಗುತ್ತಿದೆ.

ಈಗ ನೀರಿನಲ್ಲಿ ಕ್ಯಾಲ್ಸಿಯಂ ಮೊದಲೇ ಇದೆ ಎಂದುಕೊಳ್ಳೋಣ. ಅದು ಸುಣ್ಣದ ಕಲ್ಲಿನಿಂದ ಬಂದಿರಲಿ, ಜಿಪ್ಸಂನಿಂದ ಬಂದಿರಲಿ, ಫ್ಲೋರೈಟಿನ ಪಾಲಿಗೆ ಅದು ‘ಸಮಾನ ಅಯಾನು’. ಗಡಸು ನೀರೊಂದರಲ್ಲಿ ಕ್ಯಾಲ್ಸಿಯಂ ಲೀಟರಿಗೆ 100 ಮಿಲಿಗ್ರಾಂ ಇದ್ದರೆ ಅದು 2.5 × 10⁻³ ಮೋಲ್. ಫ್ಲೋರೈಡಿನ ವರ್ಗ 3.5 × 10⁻¹¹ನ್ನು ಇದರಿಂದ ಭಾಗಿಸಿದಾಗ ಬರುವ 1.4 × 10⁻⁸. ವರ್ಗಮೂಲ ತೆಗೆದು 19ರಿಂದ ಗುಣಿಸಿದರೆ ಲೀಟರಿಗೆ 2.2 ಮಿಲಿಗ್ರಾಂ. ಬಂಡೆಯಲ್ಲಿ ಎಷ್ಟೇ ಫ್ಲೋರೈಡ್ ತುಂಬಿರಲಿ, ಆ ನೀರು ಇದಕ್ಕಿಂತ ಹೆಚ್ಚು ಹೊರಲಾರದು. ಕ್ಯಾಲ್ಸಿಯಂ 40 ಮಿಲಿಗ್ರಾಂಗೆ ಇಳಿದರೆ ಈ ಮಿತಿ 3.6 ಮಿಲಿಗ್ರಾಂಗೆ ಏರುತ್ತದೆ. 8 ಮಿಲಿಗ್ರಾಂಗೆ ಇಳಿದರೆ ಸುಮಾರು 8. ಬರೀ 4 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ, ಬೇಳೆ ಬೆಣ್ಣೆಯಂತೆ ಬೇಯುವ ಮೆದು ನೀರಿನಲ್ಲಿ 11 ಮಿಲಿಗ್ರಾಂವರೆಗೂ ಫ್ಲೋರೈಡ್ ಇರಬಹುದು. ನೀರಿನಲ್ಲಿ ಬೇರೆ ಲವಣಗಳೂ ಇರುವುದರಿಂದ ನಿಜವಾದ ಮಿತಿಗಳು ಈ ಸಂಖ್ಯೆಗಳಿಗಿಂತ ಸ್ವಲ್ಪ ಮೇಲೇ ಇರುತ್ತವೆ. ಏರಿಳಿತದ ರೀತಿ ಮಾತ್ರ ಇದೇ.

ಈ ಸಂಖ್ಯೆಗಳನ್ನು ಭಾರತೀಯ ಮಾನಕದ ಪಕ್ಕದಲ್ಲಿಡಬೇಕು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂವರೆಗೆ ಇದ್ದರೆ ಸರಿ, ಬೇರೆ ನೀರು ಸಿಗದ ಕಡೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಅದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5 ಮಿಲಿಗ್ರಾಂ.

‘ನಮ್ಮ ಬಂಡೆಗಳಲ್ಲಿ ಫ್ಲೋರೈಟ್ ಎಲ್ಲಿದೆ?’ ಎಂದು ಭೂವಿಜ್ಞಾನ ಓದಿದವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಕರ್ನಾಟಕದ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಡ್ ಬರುವುದು ಫ್ಲೋರೈಟಿನಿಂದ ಮಾತ್ರವಲ್ಲ. ಕಪ್ಪು ಅಭ್ರಕವಾದ ಬಯೋಟೈಟ್, ಹಾರ್ನ್‌ಬ್ಲೆಂಡ್, ಅಪಟೈಟ್‌ಗಳಿಂದಲೂ ಬರುತ್ತದೆ. ಆದರೆ ಮೇಲೆ ಹೇಳಿದಂತೆ ಗುಣಲಬ್ಧಕ್ಕೆ ಮೂಲದ ಚಿಂತೆಯಿಲ್ಲ. ಫ್ಲೋರೈಡ್ ಯಾವ ಖನಿಜದಿಂದ ಬಂದರೂ, ಅದು ಎಲ್ಲಿಯವರೆಗೆ ಏರಬಹುದು ಎಂದು ಗೆರೆ ಎಳೆಯುವುದು ಕ್ಯಾಲ್ಸಿಯಂ.

ಹಾಗಾದರೆ ಕ್ಯಾಲ್ಸಿಯಂ ಎಲ್ಲಿಗೆ ಹೋಯಿತು? ಇದೂ ವಿಲೇಯತೆಯದೇ ಕಥೆ. ಮಳೆನೀರು ಮಣ್ಣಿನಲ್ಲಿ ಇಂಗುವಾಗ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಬಂಡೆಯ ಖನಿಜಗಳನ್ನು ಅದು ನಿಧಾನವಾಗಿ ಕೊರೆಯುತ್ತ ಹೋದಂತೆ ನೀರಿನಲ್ಲಿ ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚುತ್ತವೆ. ಬೈಕಾರ್ಬೊನೇಟ್ ಹೆಚ್ಚಾಗಿ ನೀರು ಕ್ಷಾರೀಯವಾದಾಗ ಕ್ಯಾಲ್ಸಿಯಂ ಕಾರ್ಬೊನೇಟಿನ ಗುಣಲಬ್ಧ ಮೀರಿ, ಕ್ಯಾಲ್ಸಿಯಂ ಸುಣ್ಣದ ಕಲ್ಲಾಗಿ ಹೊರಬೀಳುತ್ತದೆ. ಒಣ ಸೀಮೆಯ ಹೊಲಗಳಲ್ಲಿ ಬಾವಿ ತೋಡಿದಾಗ ಸಿಗುವ ಕಂಕರು ಎಂಬ ಸುಣ್ಣದ ಗಂಟುಗಳು ಹೀಗೆ ಹುಟ್ಟಿದವು. ಜೊತೆಗೆ ಜೇಡಿಮಣ್ಣು ನೀರಿನ ಕ್ಯಾಲ್ಸಿಯಮನ್ನು ತಾನಿಟ್ಟುಕೊಂಡು ಸೋಡಿಯಮನ್ನು ಬಿಟ್ಟುಕೊಡುತ್ತದೆ. ಎರಡೂ ಸೇರಿ ಡಬ್ಬದ ಎತ್ತರ ಕುಸಿಯುತ್ತದೆ, ತಳ ಅಗಲವಾಗುತ್ತದೆ. ನೀರು ಬಂಡೆಯೊಳಗೆ ಹೆಚ್ಚು ವರ್ಷ ಇದ್ದಷ್ಟೂ ಈ ಬದಲಾವಣೆ ಹೆಚ್ಚು. ಅಜ್ಜನ ಕಾಲದ ತೆರೆದ ಬಾವಿಯ ನೀರು ಮೊನ್ನೆ ಮೊನ್ನೆಯ ಮಳೆಯದು. ಆಳದ ಕೊಳವೆ ಬಾವಿಯ ನೀರು ಎಷ್ಟೋ ಹಳೆಯದು. ಕೆರೆ ಹೂಳು ತುಂಬಿ, ತೆರೆದ ಬಾವಿ ಬತ್ತಿ, ಊರು ಇನ್ನೂರು ಅಡಿಯಿಂದ ಐನೂರು, ಸಾವಿರ ಅಡಿಗೆ ಇಳಿದಾಗ ಬರೀ ನೀರು ಕಡಿಮೆಯಾದದ್ದಲ್ಲ, ನೀರಿನ ಜಾತಿಯೇ ಬದಲಾಯಿತು.

ಒಂದು ತಪ್ಪು ಅರ್ಥ ಮಾತ್ರ ಬೇಡ. ಮೆದು ನೀರೆಲ್ಲ ಕೆಟ್ಟದ್ದಲ್ಲ. ಮಳೆನೀರಿಗಿಂತ ಮೆದು ನೀರಿಲ್ಲ, ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಮಲೆನಾಡಿನ ಹೊಳೆಯ ನೀರೂ ಹಾಗೆಯೇ. ಗುಣಲಬ್ಧ ಹೇಳುವುದು ಫ್ಲೋರೈಡ್ ಎಷ್ಟರವರೆಗೆ ಏರಬಹುದು ಎಂದು. ಅಷ್ಟು ಏರಿಯೇ ಇದೆ ಎಂದಲ್ಲ. ಫ್ಲೋರೈಡ್ ಇರುವ ಬಂಡೆಯ ಆಳದಿಂದ ಬಂದ ಮೆದು ನೀರನ್ನು ಮಾತ್ರ ಅನುಮಾನಿಸಬೇಕು. ಹಾಗೆಯೇ ಗಡಸು ನೀರಿಗೂ ಕ್ಷೇಮಪತ್ರವಿಲ್ಲ. 100 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೂ ಮಿತಿ 2.2 ಎಂದು ಈಗಷ್ಟೇ ಕಂಡೆವಲ್ಲ!

ಇಷ್ಟಾದ ಮೇಲೆ ಜಾಣ ವಿದ್ಯಾರ್ಥಿಯೊಬ್ಬ ಕೇಳಿಯೇ ಕೇಳುತ್ತಾನೆ: ‘ಹಾಗಾದರೆ ನೀರಿಗೆ ಒಂದಿಷ್ಟು ಸುಣ್ಣ ಹಾಕಿದರೆ ಆಯಿತಲ್ಲ ಸಾರ್? ಕ್ಯಾಲ್ಸಿಯಂ ಹೆಚ್ಚಾಗುತ್ತದೆ, ಫ್ಲೋರೈಡ್ ಒತ್ತರವಾಗಿ ಕೂರುತ್ತದೆ.’ ಯೋಚನೆ ಸರಿಯಾಗಿದೆ. ಲೆಕ್ಕವನ್ನು ತಿರುಗಿಸಿ ನೋಡಬೇಕು. ಫ್ಲೋರೈಡ್ 1.5 ಮಿಲಿಗ್ರಾಂಗೆ ಇಳಿಯಬೇಕಾದರೆ ಅದರ ಸಾರತೆ 7.9 × 10⁻⁵, ವರ್ಗ 6.2 × 10⁻⁹. ಗುಣಲಬ್ಧವನ್ನು ಇದರಿಂದ ಭಾಗಿಸಿದರೆ ಬೇಕಾಗುವ ಕ್ಯಾಲ್ಸಿಯಂ 5.6 × 10⁻³ ಮೋಲ್, ಅಂದರೆ ಲೀಟರಿಗೆ ಸುಮಾರು 225 ಮಿಲಿಗ್ರಾಂ. ಕುಡಿಯುವ ನೀರಿನಲ್ಲಿ ಕ್ಯಾಲ್ಸಿಯಂ 200 ಮಿಲಿಗ್ರಾಂ ಮೀರಬಾರದು ಎಂದು ಅದೇ ಭಾರತೀಯ ಮಾನಕ ಹೇಳುತ್ತದೆ. ಸುಣ್ಣ ಹಾಕಿದರೆ ನೀರು ಬಾಯಿಗಿಡಲಾಗದಷ್ಟು ಕ್ಷಾರೀಯವಾಗುವುದು ಬೇರೆ. ಸಾಲದ್ದಕ್ಕೆ ಕ್ಯಾಲ್ಸಿಯಂ ಫ್ಲೋರೈಡ್ ಬಹು ಸೋಮಾರಿ ಒತ್ತರ. ಲೆಕ್ಕ ಹೇಳುವಷ್ಟು ಕೂರುವುದಕ್ಕೆ ಅದಕ್ಕೆ ಪುರಸೊತ್ತೇ ಇರುವುದಿಲ್ಲ. ನೂರಾರು ಮಿಲಿಗ್ರಾಂ ಫ್ಲೋರೈಡ್ ಇರುವ ಕಾರ್ಖಾನೆಯ ತ್ಯಾಜ್ಯ ನೀರಿಗೆ ಸುಣ್ಣ ಹಾಕುವುದು ವಾಡಿಕೆ. ಅಲ್ಲಿ ಅದು ಹತ್ತು ಹದಿನೈದು ಮಿಲಿಗ್ರಾಂಗೆ ಇಳಿದರೆ ದೊಡ್ಡದು. ಮಗು ಕುಡಿಯುವ ಲೋಟಕ್ಕೆ ಆ ವಿಧಾನ ಸಾಲದು.

ಆದ್ದರಿಂದಲೇ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ, ಎಂದರೆ ‘ನೀರಿ’ಯ ವಿಜ್ಞಾನಿಗಳು 1970ರ ದಶಕದಲ್ಲಿ ಬೇರೆ ದಾರಿ ಹಿಡಿದರು. ಈಗ ತೆಲಂಗಾಣದಲ್ಲಿರುವ ನಲ್ಗೊಂಡ ಜಿಲ್ಲೆಯ ಹೆಸರನ್ನೇ ಹೊತ್ತ ಆ ವಿಧಾನದಲ್ಲಿ ನೀರಿಗೆ ಸ್ವಲ್ಪ ಸುಣ್ಣದ ಜೊತೆಗೆ ಪಟಿಕವನ್ನು ಹಾಕಿ ಕಲಕುತ್ತಾರೆ. ಪಟಿಕದ ಅಲ್ಯೂಮಿನಿಯಂ ಹೈಡ್ರಾಕ್ಸೈಡಾಗಿ ಹತ್ತಿಯಂಥ ಮುದ್ದೆ ಕಟ್ಟಿ, ಫ್ಲೋರೈಡನ್ನು ಮೈಗಂಟಿಸಿಕೊಂಡು ತಳಕ್ಕಿಳಿಯುತ್ತದೆ. ಅದು ಗುಣಲಬ್ಧದ ಆಟವಲ್ಲ, ಅಂಟಿಕೊಳ್ಳುವ ಆಟ. ಪಟಿಕದ ಪ್ರಮಾಣವನ್ನು ನೀರಿನ ಫ್ಲೋರೈಡ್ ಮತ್ತು ಕ್ಷಾರೀಯತೆ ನೋಡಿ ನಿರ್ಧರಿಸಬೇಕು. ಕೈಯಳತೆಯಲ್ಲಿ ಹಾಕಿದರೆ ಅಲ್ಯೂಮಿನಿಯಂ ನೀರಿನಲ್ಲಿ ಉಳಿಯುವ ಅಪಾಯವಿದೆ. ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳಲ್ಲಿ ಇರುವುದು ಸಾಮಾನ್ಯವಾಗಿ ಆರ್‌ಓ ಪೊರೆ. ಅದು ಫ್ಲೋರೈಡನ್ನು ತಡೆಯುತ್ತದೆ. ಆದರೆ ತಡೆದದ್ದೆಲ್ಲ ಹೊರಬಿಡುವ ನೀರಿನಲ್ಲಿ ಗಟ್ಟಿಯಾಗಿ ಸೇರಿರುತ್ತದೆ. ಆ ನೀರು ಮೂರರಷ್ಟು ಗಟ್ಟಿಯಾದರೆ ಗುಣಲಬ್ಧ 3 × 3 × 3, ಅಂದರೆ 27 ಪಟ್ಟು ಏರುತ್ತದೆ! ಪೊರೆಯ ಮೇಲೆ ಬಿಳಿ ಪದರ ಕಟ್ಟಿ ಘಟಕ ಕೆಟ್ಟು ನಿಲ್ಲಲು ಇಂಥ ಒತ್ತರಗಳೂ ಒಂದು ಕಾರಣ. ಹೊರಬಿಟ್ಟ ನೀರನ್ನು ಘಟಕದ ಪಕ್ಕದಲ್ಲೇ ಇಂಗಿಸುವುದಂತೂ ವಿವೇಕವಲ್ಲ.

ತಾಯಂದಿರು ನಂಬಿಕೊಂಡಿರುವ ಉಪಾಯ ಕುದಿಸುವುದು. ರೋಗಾಣುಗಳಿಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ, ಬಿಡಬಾರದು. ಫ್ಲೋರೈಡಿಗೆ ಮಾತ್ರ ಅದರಿಂದ ಏನೂ ಆಗದು. ನೀರು ಆವಿಯಾದಷ್ಟು ಫ್ಲೋರೈಡ್ ಗಟ್ಟಿಯಾಗುತ್ತದೆ. ಇತ್ತ ಬೈಕಾರ್ಬೊನೇಟ್ ಒಡೆದು ಇದ್ದಬದ್ದ ಕ್ಯಾಲ್ಸಿಯಂ ಪಾತ್ರೆಯ ತಳಕ್ಕೆ ಅಂಟುತ್ತದೆ. ಕಾವಲುಗಾರನೇ ಮನೆ ಬಿಟ್ಟು ಹೋದಂತೆ. ಬಟ್ಟೆಯಲ್ಲಿ ಸೋಸುವುದು, ಕ್ಲೋರಿನ್ ಮಾತ್ರೆ ಹಾಕುವುದು ಇವೂ ಫ್ಲೋರೈಡಿನ ಮಟ್ಟಿಗೆ ವ್ಯರ್ಥ.

ಹೊಟ್ಟೆಯೊಳಗೆ ಮಾತ್ರ ಕ್ಯಾಲ್ಸಿಯಂ ನಮ್ಮ ಪರ. ಹಾಲು, ರಾಗಿಯಂಥ ಆಹಾರದ ಜೊತೆ ಫ್ಲೋರೈಡ್ ಹೋದಾಗ ಅದರ ಒಂದು ಪಾಲು ಕರುಳಿನಲ್ಲೇ ಕಟ್ಟಿಹಾಕಿಸಿಕೊಂಡು ಹೊರಬೀಳುತ್ತದೆ, ರಕ್ತ ಸೇರುವುದು ಕಡಿಮೆಯಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ 340ರಿಂದ 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಭಾಗವೂ ಇಲ್ಲ. ಮುದ್ದೆ ಬಿಟ್ಟು ಅನ್ನಕ್ಕೆ ಬಿದ್ದ ಮನೆಗಳು ಇದನ್ನು ಯೋಚಿಸಬಹುದು. ಹಾಗೆಂದು ಮುದ್ದೆಯೊಂದೇ ಕಾಪಾಡುವುದಿಲ್ಲ, ನೀರು ಬದಲಾಗಲೇಬೇಕು. ಎನಾಮಲ್ ರೂಪುಗೊಳ್ಳುವುದು ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ. ಮನೆಯಲ್ಲಿ ಒಳ್ಳೆಯ ನೀರು ಒಂದೇ ಕೊಡ ಸಿಗುವುದಾದರೆ ಅದು ಈ ವಯಸ್ಸಿನ ಮಕ್ಕಳಿಗೆ ಮೊದಲು. ಹೆಚ್ಚು ಫ್ಲೋರೈಡಿನ ನೀರನ್ನು ಹತ್ತಾರು ವರ್ಷ ಕುಡಿದ ದೊಡ್ಡವರಲ್ಲಿ ಬೆನ್ನು, ಕೀಲು ಬಿಗಿದುಕೊಳ್ಳುತ್ತವೆ. ಆ ಹಂತದಿಂದ ಹಿಂದಕ್ಕೆ ತರುವ ಔಷಧವಿಲ್ಲ.

ಇದೇ ಫ್ಲೋರೈಡನ್ನು ಟೂತ್‌ಪೇಸ್ಟಿಗೆ ಬೇಕೆಂದೇ ಹಾಕುತ್ತಾರಲ್ಲ ಎನ್ನಬಹುದು. ಅಲ್ಪ ಪ್ರಮಾಣದಲ್ಲಿ ಅದು ಎನಾಮಲನ್ನು ಹುಳಿಗೆ ಕರಗದಂತೆ ಗಟ್ಟಿ ಮಾಡುವುದು ನಿಜ. ಅಲ್ಲೂ ಒಂದು ಸ್ವಾರಸ್ಯವಿದೆ. ಸೀಮೆಸುಣ್ಣದ ಪುಡಿ, ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಇರುವ ಪೇಸ್ಟಿಗೆ ಸೋಡಿಯಂ ಫ್ಲೋರೈಡ್ ಹಾಕಿದರೆ ಟ್ಯೂಬಿನೊಳಗೇ ಕ್ಯಾಲ್ಸಿಯಂ ಫ್ಲೋರೈಡ್ ಒತ್ತರವಾಗಿ ಹಲ್ಲಿಗೆ ಏನೂ ಸಿಗುವುದಿಲ್ಲ. ಅದಕ್ಕೇ ಅಂಥ ಪೇಸ್ಟುಗಳಲ್ಲಿ ಫ್ಲೋರೈಡನ್ನು ಬಿಗಿಯಾಗಿ ಹಿಡಿದಿಟ್ಟ ಸೋಡಿಯಂ ಮಾನೋಫ್ಲೋರೋಫಾಸ್ಫೇಟ್ ಬಳಸುತ್ತಾರೆ. ಮನೆಯಲ್ಲಿರುವ ಟ್ಯೂಬಿನ ಬೆನ್ನು ತಿರುಗಿಸಿ ಓದಿದರೆ ಆ ಹೆಸರು ಕಾಣಿಸಬಹುದು.

ಪರೀಕ್ಷೆಗೆ ಕೂರುವವರಿಗೆ ಎರಡು ಮಾತು. ಸಮಾನ ಅಯಾನು ಯಾವ ಕಡೆಯದು ಎಂಬುದರ ಮೇಲೆ ಉತ್ತರ ಬಹಳ ಬದಲಾಗುತ್ತದೆ. 0.01 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಕ್ಯಾಲ್ಸಿಯಂ ಫ್ಲೋರೈಡಿನ ವಿಲೇಯತೆ ಶುದ್ಧ ನೀರಿನಲ್ಲಿರುವುದರ ಏಳನೆಯ ಒಂದು ಭಾಗವಾಗುತ್ತದೆ. ಅಷ್ಟೇ ಸಾರತೆಯ ಸೋಡಿಯಂ ಫ್ಲೋರೈಡಿನಲ್ಲಿ ಅದು 3.5 × 10⁻⁷ ಮೋಲ್, ಎಂದರೆ ಸುಮಾರು ಆರುನೂರನೆಯ ಒಂದು ಭಾಗ. ಫ್ಲೋರೈಡಿಗೆ ವರ್ಗವಿರುವುದೇ ಇದಕ್ಕೆ ಕಾರಣ. ಹೆಚ್ಚಿನವರು ತಪ್ಪುವುದೂ ಇಲ್ಲೇ: ಹೊರಗಿನಿಂದ ಬಂದ 0.01ನ್ನು ಮತ್ತೆ ಎರಡರಿಂದ ಗುಣಿಸಿ ವರ್ಗ ಮಾಡುತ್ತಾರೆ. ಆ ಎರಡು ಬರುವುದು ಲವಣ ತಾನೇ ಕರಗಿ ಕೊಟ್ಟ ಫ್ಲೋರೈಡಿಗೆ ಮಾತ್ರ. ಸೋಡಿಯಂ ಫ್ಲೋರೈಡ್ ತಂದ ಫ್ಲೋರೈಡ್ ಇದ್ದಷ್ಟೇ ಇರುತ್ತದೆ. ಪ್ರಾಯೋಗಿಕ ತರಗತಿಯಲ್ಲಿ ಮೂರನೆಯ ಗುಂಪಿಗೆ ಅಮೋನಿಯಂ ಕ್ಲೋರೈಡ್ ಮೊದಲು, ಅಮೋನಿಯಂ ಹೈಡ್ರಾಕ್ಸೈಡ್ ಆಮೇಲೆ ಎಂದು ಗಿಳಿಪಾಠ ಒಪ್ಪಿಸುವುದೂ ಇದೇ ಪರಿಣಾಮದ ಇನ್ನೊಂದು ಮುಖ. ಅಲ್ಲಿ ಸಮಾನ ಅಯಾನು ಅಮೋನಿಯಂ. ಅದು ಹೈಡ್ರಾಕ್ಸೈಡನ್ನು ಅದುಮಿಟ್ಟು ಮೆಗ್ನೀಸಿಯಂ ಅಕಾಲದಲ್ಲಿ ಕೂರದಂತೆ ನೋಡಿಕೊಳ್ಳುತ್ತದೆ.

ಊರಿನ ನೀರು ಹೇಗಿದೆ ಎಂದು ತಿಳಿಯಲು ಊಹೆ ಬೇಕಿಲ್ಲ. ಜಿಲ್ಲಾ ಮತ್ತು ತಾಲ್ಲೂಕು ಮಟ್ಟದ ಸರಕಾರಿ ನೀರು ಪರೀಕ್ಷಾ ಪ್ರಯೋಗಾಲಯಗಳಲ್ಲಿ ಫ್ಲೋರೈಡ್ ಅಳೆಯುತ್ತಾರೆ. ಪಂಚಾಯಿತಿಗಳಿಗೆ ಕೊಡುವ ಪರೀಕ್ಷಾ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಜಿರ್ಕೋನಿಯಂ ಮತ್ತು ಅಲಿಜರಿನ್ ಸೇರಿದ ಕೆಂಪು ದ್ರಾವಣವಿರುತ್ತದೆ. ಫ್ಲೋರೈಡ್ ಹೆಚ್ಚಿದ್ದಷ್ಟೂ ಅದು ಹಳದಿಗೆ ತಿರುಗುತ್ತದೆ. ಹೈಸ್ಕೂಲು, ಪಿಯುಸಿ ಮಕ್ಕಳ ವಿಜ್ಞಾನ ಯೋಜನೆಗೆ ಇದಕ್ಕಿಂತ ಉಪಯುಕ್ತ ವಿಷಯ ಸಿಗುವುದು ಕಷ್ಟ. ಊರಿನ ಹತ್ತು ಬಾವಿಗಳ ನೀರು ತಂದು ಕ್ಯಾಲ್ಸಿಯಂ ಒಂದು ಕಡೆ, ಫ್ಲೋರೈಡ್ ಒಂದು ಕಡೆ ಹಾಕಿ ನಕ್ಷೆ ಬರೆದು, ಡಬ್ಬದ ನಿಯಮ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ನೋಡಬಹುದು. ಥರ್ಮೋಕೋಲಿನ ಜ್ವಾಲಾಮುಖಿಗಿಂತ ಇದು ಮೇಲು.

ಪ್ರಯೋಗಾಲಯದ ವರದಿ ಕೈಗೆ ಬಂದಾಗ ‘ಒಟ್ಟು ಗಡಸುತನ’ ಎಂಬ ಸಾಲನ್ನು ಕ್ಯಾಲ್ಸಿಯಂ ಎಂದು ತಿಳಿದು ಲೆಕ್ಕ ಹಾಕಬಾರದು. ಅದನ್ನು ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಬರೆದಿರುತ್ತಾರೆ, ಮೆಗ್ನೀಸಿಯಮಿನ ಪಾಲೂ ಅದರಲ್ಲಿ ಸೇರಿರುತ್ತದೆ. ‘ಕ್ಯಾಲ್ಸಿಯಂ ಗಡಸುತನ’ ಎಂದು ಬೇರೆ ಸಾಲಿದ್ದರೆ ಅದನ್ನು 0.4ರಿಂದ ಗುಣಿಸಿದಾಗ ಬರುವುದು ಕ್ಯಾಲ್ಸಿಯಂ. 100 ಎಂದಿದ್ದರೆ 40 ಮಿಲಿಗ್ರಾಂ. ಫ್ಲೋರೈಡಿನ ಸಾಲು ವರದಿಯಲ್ಲಿ ಇಲ್ಲದೆಯೇ ಹೋಗುವುದೂ ಉಂಟು. ಕೇಳದಿದ್ದರೆ ಕೆಲವು ಕಡೆ ಅದನ್ನು ಅಳೆಯುವುದಿಲ್ಲ. ಮಾದರಿಯ ಬಾಟಲಿ ಕೊಡುವಾಗಲೇ ಚೀಟಿಯಲ್ಲಿ ‘ಫ್ಲೋರೈಡ್’ ಎಂದು ಬರೆಸಿ ಕೊಡಬೇಕು. ಬಾಟಲಿ ಗಾಜಿನದಾಗಿರದೆ ಪ್ಲಾಸ್ಟಿಕ್ಕಿನದಾಗಿರಲಿ.